ನಾಲ್ಕು ಕಾರ್ಡು, ಒಂದು ಮದುವೆ

ಮೊರಿಹಿಸಾ ತಜಾಕಿ ಹೊಸ ಕ್ಯಾಮೆರಾ ಕೊಂಡು ಮೂರು ದಿನವಾಗಿತ್ತು. ಆ ಮೂರು ದಿನವೂ ಮನೆಯಲ್ಲಿ ಬೇರೆ ಮಾತೇ ಇರಲಿಲ್ಲ. ಊಟಕ್ಕೆ ಕೂತರೆ ಪಕ್ಕದಲ್ಲಿ ಕ್ಯಾಮೆರಾ, ಟೀವಿ ಮುಂದೆ ಕೂತರೆ ತೊಡೆಯ ಮೇಲೆ ಕ್ಯಾಮೆರಾ. ನಾಲ್ಕನೆಯ ದಿನ ಬೆಳಗ್ಗೆ ಹೆಂಡತಿ ಟೊಕಿಕೊ ಮಿಸೊ ಸಾರಿನ ಬಟ್ಟಲನ್ನು ಮೇಜಿನ ಮೇಲೆ ಕುಕ್ಕಿ, "ಏನೂಂದ್ರೆ, ಅದಕ್ಕೂ ಒಂದು ಬಟ್ಟಲು ಬಡಿಸ್ಲಾ?" ಎಂದಳು.

"ಅದಕ್ಕೆ ಸಾರು ಬೇಡ ಕಣೇ, ಮೆಮೊರಿ ಕಾರ್ಡು ಬೇಕು," ಎಂದ ಮೊರಿಹಿಸಾ, ಒಂಚೂರೂ ನಗದೆ. "ಚಿಗುಸಾ ಹತ್ತು ಗಂಟೆಗೆ ಸ್ಟೇಷನ್ ಹತ್ರ ಬರ್ತೀನಿ ಅಂದಿದ್ದಾಳೆ. ಇಬ್ರೂ ಹೋಗಿ ತರ್ತೀವಿ."

ಚಿಗುಸಾ ಅವರ ಒಬ್ಬಳೇ ಮಗಳು. ವಯಸ್ಸು ನಲವತ್ತಮೂರು. ಬರುವ ತಿಂಗಳು ಅವಳ ಮದುವೆ, ಅದೂ ಎರಡನೆಯದು. ಗಂಡು ಕೋಸಾಕು, ಎರಡು ಸ್ಟೇಷನ್ ಆಚೆ ಬೇಕರಿ ಇಟ್ಟುಕೊಂಡಿರುವ ನಲವತ್ತೆಂಟರ ಸಾಧು ಮನುಷ್ಯ. ಮದುವೆಯ ಫೋಟೊ ನಾನೇ ತೆಗೆಯುತ್ತೇನೆ ಎಂದು ಮೊರಿಹಿಸಾ ಮಗಳಿಗೆ ಫೋನಿನಲ್ಲಿ ಹೇಳಿದಾಗ ಆ ಕಡೆಯಿಂದ ಎಷ್ಟು ಹೊತ್ತು ಮಾತೇ ಬರಲಿಲ್ಲವೆಂದರೆ, ಲೈನ್ ಕಟ್ಟಾಯಿತೇನೋ ಎಂದು ಅವನು ಎರಡು ಸಲ ಹಲೋ ಹಲೋ ಎಂದ. ಆಮೇಲೆ ಅವಳು, "ಸರಿ ಅಪ್ಪಾ, ನೀನೇ ತೆಗಿ," ಎಂದಳು.

ಅವಳು ಸುಮ್ಮನಾದದ್ದಕ್ಕೆ ಕಾರಣವಿತ್ತು. ಹದಿನೆಂಟು ವರ್ಷದ ಹಿಂದೆ ಅವಳ ಮೊದಲ ಮದುವೆಗೂ ಫೋಟೊ ತೆಗೆದವನು ಇದೇ ಮಹಾರಾಯ. ಆಗ ಅವನ ಹತ್ತಿರ ಇದ್ದದ್ದು ರೀಲು ಹಾಕುವ ರೇಂಜ್‌ಫೈಂಡರ್ ಕ್ಯಾಮೆರಾ. ಈಗ ಕೊಂಡದ್ದೂ ಅದೇ ಜಾತಿಯದು, ರೀಲಿನ ಬದಲು ಕಾರ್ಡು ಅಷ್ಟೆ. ಈ ಜಾತಿಯ ಕ್ಯಾಮೆರಾದಲ್ಲಿ ಕಣ್ಣಿಟ್ಟು ನೋಡುವ ಕಿಂಡಿ ಬೇರೆ, ಚಿತ್ರ ಹಿಡಿಯುವ ಲೆನ್ಸು ಬೇರೆ. ಕಿಂಡಿಯಲ್ಲಿ ಜಗತ್ತೆಲ್ಲ ಸ್ವಚ್ಛವಾಗಿ ಕಾಣುತ್ತಿರುತ್ತದೆ. ಲೆನ್ಸಿನ ಮೇಲೆ ಮುಚ್ಚಳ ಹಾಗೇ ಕೂತಿದ್ದರೂ ತೆಗೆಯುವವನಿಗೆ ಗೊತ್ತೇ ಆಗುವುದಿಲ್ಲ. ಮೊರಿಹಿಸಾ ಮುಚ್ಚಳ ತೆಗೆಯದೆ ಮೂರು ರೀಲು ಮುಗಿಸಿದ. ನೂರೆಂಟು ಫೋಟೊ, ನೂರೆಂಟೂ ಕಪ್ಪು.

ಅಷ್ಟೇ ಆಗಿದ್ದರೆ ನಕ್ಕು ಮರೆತುಬಿಡಬಹುದಿತ್ತು. ಮಾರನೆಯ ದಿನವೇ ಸ್ಟುಡಿಯೊದವನು ಫೋನ್ ಮಾಡಿ ವಿಷಯ ಹೇಳಿದರೂ ಮೊರಿಹಿಸಾ ಬಾಯಿ ಬಿಡಲಿಲ್ಲ. ಮಗಳು ಕೇಳಿದಾಗಲೆಲ್ಲ ಒಂದು ದಿನ ಸ್ಟುಡಿಯೊದ ಮೆಷಿನ್ ಕೆಟ್ಟಿದೆ ಎಂದ, ಇನ್ನೊಂದು ದಿನ ಕೆಲಸದವನು ರಜೆ ಎಂದ. ಹೀಗೆ ಹನ್ನೊಂದು ದಿನ ತಳ್ಳಿದ. ಹನ್ನೆರಡನೆಯ ದಿನ ಚಿಗುಸಾ ತಾನೇ ಸಿಹಿಯ ಡಬ್ಬಿ ಹಿಡಿದುಕೊಂಡು ಸ್ಟುಡಿಯೊಗೆ ಹೋದಳು, ಪಾಪ ಅವರಿಗೆ ಎಷ್ಟು ಕಷ್ಟವೋ ಏನೋ ಎಂದು. ಸ್ಟುಡಿಯೊದವನು ಸೊಂಟ ಬಗ್ಗಿಸಿ ನಮಸ್ಕಾರ ಮಾಡಿ, ಏನೂ ಮೂಡದ ಮೂರು ರೀಲು ಅವಳ ಕೈಗಿಟ್ಟ.

ನಲವತ್ತೊಂದು ವರ್ಷ ಟೋಕಿಯೊದ ಪಶ್ಚಿಮ ದಿಕ್ಕಿನ ಮಾರ್ಗದಲ್ಲಿ ರೈಲು ಓಡಿಸಿದ ಮನುಷ್ಯ ಅವನು. ಗಾಡಿ ಒಂದು ನಿಮಿಷ ತಡವಾದರೂ ಟೋಪಿ ತೆಗೆದು ನಿಂತು ಮೇಲಿನವರಿಗೆ ವರದಿ ಒಪ್ಪಿಸಿದವನು. ಅಂಥವನಿಗೆ ಸ್ವಂತ ಮಗಳ ಮುಂದೆ ನಿಂತು ಒಂದು ಮಾತು ಹೇಳಲಾಗಲಿಲ್ಲ. ಆ ಮದುವೆ ನಾಲ್ಕು ವರ್ಷಕ್ಕೆ ಮುರಿಯಿತು. ಈಗ ಚಿಗುಸಾಳೇ ಎಲ್ಲರ ಮುಂದೆ, "ನಮ್ಮಪ್ಪನ ಫೋಟೊ ಮೊದಲೇ ಭವಿಷ್ಯ ಹೇಳಿತ್ತು," ಎಂದು ನಗಿಸುತ್ತಾಳೆ, ಅವನೂ ನಗುತ್ತಾನೆ. ಆದರೆ ಆ ಹನ್ನೊಂದು ದಿನದ ಮಾತನ್ನು ಮಾತ್ರ ಅವಳೂ ಎತ್ತಿರಲಿಲ್ಲ, ಅವನೂ ಎತ್ತಿರಲಿಲ್ಲ. ಅದು ಅವನ ಎದೆಯಲ್ಲಿ ಹಾಗೇ ಕೂತಿತ್ತು. ಈ ಸಲ ಮಗಳ ಕೈಗೆ ಚೆಂದದ ಚಿತ್ರಗಳನ್ನು ಇಟ್ಟುಬಿಟ್ಟರೆ ಅದು ತಾನಾಗಿಯೇ ಕರಗುತ್ತದೆ ಎಂದು ಅವನು ನಂಬಿಕೊಂಡಿದ್ದ.

ಹತ್ತು ಗಂಟೆಗೆ ಅಪ್ಪ ಮಗಳು ನಕಾನೊ ಸ್ಟೇಷನ್ನಿನ ಹೊರಗೆ ರಸ್ತೆ ದಾಟಲು ನಿಂತರು. ಮೊರಿಹಿಸಾ ಎಡಕ್ಕೆ ಕೈ ಚಾಚಿ, ತೋರುಬೆರಳು ನಿಗುರಿಸಿ, "ಎಡಕ್ಕೆ ಖಾಲಿ, ಸರೀ!" ಎಂದು ಕೂಗಿದ. ಬಲಕ್ಕೆ ಚಾಚಿ, "ಬಲಕ್ಕೆ ಖಾಲಿ, ಸರೀ!" ಎಂದ. ರೈಲಿನವರ ಪದ್ಧತಿ ಅದು. ಸಿಗ್ನಲ್ಲಾಗಲಿ, ಬಾಗಿಲಾಗಲಿ, ಗಡಿಯಾರವಾಗಲಿ, ಬೆರಳು ತೋರಿಸಿ ಕೂಗಿ ಹೇಳಿದ ಮೇಲೇ ಗಾಡಿ ಕದಲುವುದು. ನಿವೃತ್ತನಾಗಿ ಆರು ವರ್ಷವಾದರೂ ಬೆರಳು ಮಾತ್ರ ಇನ್ನೂ ಡ್ಯೂಟಿಯಲ್ಲಿತ್ತು.

"ಅಪ್ಪಾ, ಮಾನ ತೆಗೀಬೇಡ. ಅದು ಸಣ್ಣ ಗಲ್ಲಿ, ಒಂದು ಸೈಕಲ್ ಕೂಡ ಬರ್ತಿಲ್ಲ," ಎಂದು ಚಿಗುಸಾ ನಾಲ್ಕು ಹೆಜ್ಜೆ ದೂರ ಸರಿದಳು.

"ಬರ್ತಿಲ್ಲ ಅಂತ ನೋಡಿದ್ಮೇಲೆ ತಾನೇ ಗೊತ್ತಾಗೋದು?"

ಅವನು ಕ್ಯಾಮೆರಾ ಕೊಂಡ ಅಂಗಡಿ ಹಳೆಯ ಮಾರುಕಟ್ಟೆ ಕಟ್ಟಡದ ಮೂರನೆಯ ಮಹಡಿಯಲ್ಲಿತ್ತು, ಒಂದು ಬದಿಗೆ ಗೊಂಬೆಯ ಅಂಗಡಿ, ಇನ್ನೊಂದು ಬದಿಗೆ ಗಡಿಯಾರದ ಅಂಗಡಿ. ಒಡತಿ ಒಕುವಾಕಿಗೆ ಅರವತ್ತು ದಾಟಿತ್ತು. ಕಂದು ಏಪ್ರನ್ನು, ಕುತ್ತಿಗೆಗೆ ದಾರದಲ್ಲಿ ನೇತುಹಾಕಿದ ಭೂತಗನ್ನಡಿ. ತಂದೆಯ ಕಾಲದ ಅಂಗಡಿ ಅದು. ಬೇಕಾದ್ದನ್ನು ಮಾರುವುದಕ್ಕಿಂತ ಬೇಡದ್ದನ್ನು ಮಾರದೇ ಇರುವುದರಲ್ಲೇ ಅವಳಿಗೆ ಹೆಚ್ಚು ಸಂತೋಷ ಎಂದು ಗಿರಾಕಿಗಳು ಹೇಳುತ್ತಿದ್ದರು, ಸ್ವಲ್ಪ ಹೆದರಿಕೆಯಿಂದಲೇ.

"ಬಂದ್ರಾ ತಜಾಕಿ ಸಾನ್," ಎಂದಳು ಒಕುವಾಕಿ. "ಮೂರು ದಿನ ತಡ್ಕೊಂಡ್ರಲ್ಲ, ಮೆಚ್ದೆ. ಬೇರೆಯವ್ರು ಮಾರನೇ ದಿನಾನೇ ಓಡ್ಬರ್ತಾರೆ, ಚರ್ಮದ ಕೇಸ್ ಕೊಡಿ ಅಂತ."

ಮೊರಿಹಿಸಾ ಜೇಬಿನಿಂದ ಪಟ್ಟಿ ತೆಗೆಯುತ್ತಿದ್ದವನು ಅದನ್ನು ಮೆಲ್ಲಗೆ ಮತ್ತೆ ಒಳಕ್ಕೆ ತಳ್ಳಿದ. ಚಿಗುಸಾ ಬಿಡುವವಳೇ? ಕಿತ್ತುಕೊಂಡು ಗಟ್ಟಿಯಾಗಿ ಓದಿದಳು.

"ಒಂದು, ಚರ್ಮದ ಕೇಸ್. ಎರಡು, ಇನ್ನೂರೈವತ್ತಾರು ಜಿಬಿ ಕಾರ್ಡು, ಇರೋದ್ರಲ್ಲೇ ಭಾರೀ ಸ್ಪೀಡಿಂದು. ಮೂರು, ಬೆಳ್ಳಿ ಬಣ್ಣದ ಹಿತ್ತಾಳೆ ಮುಚ್ಚಳ... ಅಪ್ಪಾ! ಮುಚ್ಚಳಾನಾ? ನಿಂಗೆ ಬುದ್ಧಿ ಯಾವಾಗಪ್ಪಾ ಬರೋದು?"

"ನೋಡೋಕೆ ಚೆನ್ನಾಗಿರತ್ತೆ ಕಣಮ್ಮಾ," ಎಂದ ಮೊರಿಹಿಸಾ, ನೆಲ ನೋಡುತ್ತ.

ಏನು ವಿಷಯ ಎಂದು ಒಕುವಾಕಿ ಹುಬ್ಬೇರಿಸಿದಳು. ಚಿಗುಸಾ ನೂರೆಂಟು ಕಪ್ಪು ಫೋಟೊಗಳ ಕಥೆಯನ್ನು ಉಪ್ಪುಖಾರ ಹಚ್ಚಿ ಹೇಳಿದಳು, ಹನ್ನೊಂದು ದಿನದ ಸುದ್ದಿಯೊಂದನ್ನು ಬಿಟ್ಟು. ಒಕುವಾಕಿ ನಗಲಿಲ್ಲ. ಕೆಳಗಿನ ಡ್ರಾಯರ್ ಎಳೆದು ತೋರಿಸಿದಳು. ಅದರ ತುಂಬ ಲೆನ್ಸಿನ ಮುಚ್ಚಳಗಳು.

"ಇವೆಲ್ಲ ನಮ್ಮಪ್ಪನ ಕಾಲದಿಂದ ಗಿರಾಕಿಗಳ ಹತ್ರ ಕಿತ್ಕೊಂಡಿದ್ದು. ಇದು ಒಬ್ಬ ಡಾಕ್ಟ್ರದು, ಇಡೀ ಹನಿಮೂನ್ ಮುಚ್ಚಿಟ್ಟಿದ್ರು. ಇದು ಪೇಪರಿನವ್ರದು, ಹೆಸರು ಕೇಳ್ಬೇಡಿ. ರೇಂಜ್‌ಫೈಂಡರ್ ಹಿಡಿದವ್ರಲ್ಲಿ ಈ ತಪ್ಪು ಮಾಡದವ್ರು ಯಾರೂ ಇಲ್ಲ. ಮಾಡಿಲ್ಲ ಅನ್ನೋರು ಸುಳ್ಳು ಹೇಳ್ತಾರೆ ಅಷ್ಟೆ. ಕೊಡಿ ಇಲ್ಲಿ, ಕ್ಯಾಮೆರಾ ಜೊತೆ ಬಂದ ಮುಚ್ಚಳ ಎಲ್ಲಿ?"

ಮೊರಿಹಿಸಾ ಶಾಲೆಯ ಹುಡುಗನ ಹಾಗೆ ಕೋಟಿನ ಜೇಬಿನಿಂದ ತೆಗೆದುಕೊಟ್ಟ. ಅದು ಡ್ರಾಯರಿಗೆ ಬಿತ್ತು. ಅದರ ಬದಲು ಒಕುವಾಕಿ ಲೆನ್ಸಿನ ಮುಂದೆ ಒಂದು ತಿಳಿಗಾಜಿನ ಫಿಲ್ಟರ್ ತಿರುಗಿಸಿ ಕೂರಿಸಿದಳು, ಅದರ ಸುತ್ತ ಲೋಹದ ಒಂದು ಗಿಡ್ಡ ಹುಡ್ ಹಾಕಿದಳು. "ಧೂಳು ಬಿದ್ರೆ ಗಾಜಿನ ಮೇಲೆ ಬೀಳತ್ತೆ, ಬಿಸಿಲು ಬಂದ್ರೆ ಹುಡ್ ತಡೆಯತ್ತೆ. ಇನ್ನು ಮುಚ್ಚೋಕೆ ನಿಮಗೆ ಏನೂ ಇಲ್ಲ, ಬೇಕಾದ್ರೆ ನಿಮ್ಮ ಬಾಯಿ ಮುಚ್ಕೊಳ್ಳಿ," ಎಂದಳು. ಚಿಗುಸಾ ನಕ್ಕೂ ನಕ್ಕೂ ಕೌಂಟರಿಗೆ ಒರಗಿದಳು.

"ಈಗ ಕಾರ್ಡಿನ ವಿಚಾರ. ಅಷ್ಟು ದೊಡ್ಡದು ಯಾಕೆ?"

"ಮಧ್ಯದಲ್ಲಿ ಬದಲಾಯಿಸೋ ತಾಪತ್ರಯ ಇರಲ್ಲ ನೋಡಿ," ಎಂದ ಮೊರಿಹಿಸಾ.

"ಇಡೀ ಮದುವೇನ ಒಂದೇ ಬೋಗೀಲಿ ತುಂಬ್ತೀರಾ?"

"ಬೆಳಗ್ಗೆ ಎಂಟು ಗಂಟೆಗೆ ಇಡೀ ಊರನ್ನೇ ಒಂದು ಬೋಗೀಲಿ ತುಂಬ್ತಿದ್ವಿ ನಾವು!"

"ಆ ಬೋಗಿ ಕೆಟ್ಟು ನಿಂತ್ರೆ?"

ಒಕುವಾಕಿ ಮೂವತ್ತೆರಡು ಜಿಬಿಯ ನಾಲ್ಕು ಪುಟ್ಟ ಕಾರ್ಡುಗಳನ್ನು ಕಪ್ಪು ಬಟ್ಟೆಯ ಮೇಲೆ ಸಾಲಾಗಿ ಇಟ್ಟಳು. ಒಂದೊಂದರ ಮೇಲೂ ಬಿಳಿ ಚೀಟಿ ಅಂಟಿಸಿ ಒಂದು, ಎರಡು, ಮೂರು, ನಾಲ್ಕು ಎಂದು ಬರೆದಳು. "ಒಂದನೇದು ದೇವರ ಮುಂದಿನ ಶಾಸ್ತ್ರಕ್ಕೆ. ಎರಡನೇದು ಎಲ್ರೂ ಸಾಲಾಗಿ ನಿಂತು ತೆಗೆಸ್ಕೊಳ್ಳೋದಕ್ಕೆ. ಮೂರನೇದು ಊಟಕ್ಕೆ. ನಾಲ್ಕನೇದು ಏನಾದ್ರೂ ಎಡವಟ್ಟಾದ್ರೆ. ಒಂದು ಹಾಳಾದ್ರೆ ಅಷ್ಟೇ ಹೋಗತ್ತೆ, ಪೂರ್ತಿ ಹೋಗಲ್ಲ. ಭಾರೀ ಸ್ಪೀಡಿಂದು ಯಾಕ್ರೀ ನಿಮಗೆ? ಈ ಕ್ಯಾಮೆರಾದಲ್ಲಿ ವಿಡಿಯೊ ಬರಲ್ಲ. ನೀವು ನಿಂತು, ನೋಡಿ, ಫೋಕಸ್ಸಿಗೆ ದೂರ ಹೊಂದಿಸಿ, ಉಸಿರು ಬಿಟ್ಟು ಒತ್ತೋ ಹೊತ್ತಿಗೆ ಆಮೆ ಕೂಡ ಎರಡು ಚಿತ್ರ ತೆಗೆದಿರತ್ತೆ."

ಚಿಗುಸಾ ಫೋನ್ ತೆಗೆದು, "ಇದೇ ಕಾರ್ಡು ಇಲ್ಲಿ ಅರ್ಧ ಬೆಲೆಗಿದೆ ನೋಡಿ," ಎಂದಳು.

ಒಕುವಾಕಿ ಭೂತಗನ್ನಡಿ ಹಿಡಿದು ಫೋನಿನ ಮೇಲೆ ಬಗ್ಗಿದಳು. "ಅಕ್ಷರ ನೋಡಿ, ಒಂದು ಕಡೆ ದಪ್ಪ, ಒಂದು ಕಡೆ ತೆಳು. ಇಂಥದ್ರಲ್ಲಿ ಮೊದಲ ನೂರು ಚಿತ್ರ ಕೂರತ್ತೆ, ಆಮೇಲಿಂದು ಎಲ್ಲಿಗೆ ಹೋಗತ್ತೋ ಆ ದೇವರಿಗೇ ಗೊತ್ತು. ಬೇಕಾದ್ರೆ ತರಿಸ್ಕೊಳ್ಳಿ ತಾಯೀ, ಆದ್ರೆ ನಿಮ್ಮ ಮೂರನೇ ಮದುವೆಗೆ ಇಟ್ಕೊಳ್ಳಿ."

"ಅಯ್ಯೋ, ಬೇಡ ಬಿಡಿ!" ಎಂದು ಚಿಗುಸಾ ಫೋನನ್ನು ಚೀಲಕ್ಕೆ ಹಾಕಿಕೊಂಡಳು.

ಚರ್ಮದ ಕೇಸಿನ ಆಸೆ ಮಾತ್ರ ಮೊರಿಹಿಸಾನನ್ನು ಬಿಟ್ಟಿರಲಿಲ್ಲ. ಗಾಜಿನ ಕಪಾಟಿನೊಳಗೆ ಜೇನುಬಣ್ಣದ ಒಂದು ಕೇಸ್ ಕೂತಿತ್ತು. ಅವನ ಕಣ್ಣು ಎಲ್ಲಿ ಹೋಗುತ್ತಿದೆ ಎಂದು ಒಕುವಾಕಿ ಗಮನಿಸದೆ ಇರಲಿಲ್ಲ. ಅವಳು ಕ್ಯಾಮೆರಾವನ್ನು ಬೋರಲಾಗಿಸಿ, ತಳದ ಚಿಕ್ಕ ಕೀಲಿಯನ್ನು ತಿರುಗಿಸಿ, ಇಡೀ ತಳದ ತಟ್ಟೆಯನ್ನೇ ಬಿಚ್ಚಿ ಕೈಗೆ ತೆಗೆದುಕೊಂಡಳು. "ಕಾರ್ಡು ಕೂರೋದು ಇಲ್ಲಿ, ತಳದೊಳಗೆ. ಪ್ರತಿ ಸಲ ಹೀಗೆ ಬಿಚ್ಚಬೇಕು. ಇದರ ಮೇಲೆ ಕೇಸ್ ಬೇರೆ ತೊಡಿಸಿದ್ರೆ, ನೀವು ಕಾರ್ಡು ಬದಲಾಯಿಸೋ ಹೊತ್ತಿಗೆ ಮದುಮಕ್ಕಳು ಮೊಮ್ಮಕ್ಕಳನ್ನ ಎತ್ಕೊಂಡು ನಿಂತಿರ್ತಾರೆ."

ಕೇಸೂ ಹೋಯಿತು. ಒಂದು ಹೆಚ್ಚಿನ ಬ್ಯಾಟರಿ ಬಂತು, ಕುತ್ತಿಗೆಗೆ ನೇಯ್ದ ರೇಷ್ಮೆಯ ಪಟ್ಟಿ ಬಂತು. ಕನ್ನಡಕದವರು ಕಿಂಡಿಗೆ ಹಾಕಿಕೊಳ್ಳುವ ಪುಟ್ಟ ಕಣ್ಣುಗಾಜೊಂದನ್ನು ಒಕುವಾಕಿ ಮುಂದಿಟ್ಟಾಗ ಮಾತ್ರ ಮೊರಿಹಿಸಾ ತಿರುಗಿಬಿದ್ದ.

"ನಲವತ್ತೊಂದು ವರ್ಷ, ವರ್ಷ ವರ್ಷ ಕಣ್ಣಿನ ಪರೀಕ್ಷೆ ಪಾಸಾದವನು ನಾನು. ಅದೆಲ್ಲ ಬೇಡ."

"ಕನ್ನಡಕ ಹಾಕ್ಕೊಂಡು ನೋಡಿದ್ರೆ ಕಿಂಡಿಯ ಅಂಚು ಕಾಣಲ್ಲ ತಜಾಕಿ ಸಾನ್. ಅಂಚಲ್ಲೇ ಒಂದು ಕೆಂಪು ದೀಪ ಇರೋದು. ತೊಂದ್ರೆ ಏನಾದ್ರೂ ಇದ್ರೆ ಅದು ಮಿಣುಕತ್ತೆ."

"ತೊಂದ್ರೆ ಆಗೋಕೆ ನಾನು ಬಿಟ್ರೆ ತಾನೇ?"

ಒಕುವಾಕಿ ನಿಟ್ಟುಸಿರು ಬಿಟ್ಟಳು. "ಹೋಗ್ಲಿ, ಇದಕ್ಕೆ ಪರದೇನೇ ಇಲ್ಲ, ಹಿಂದೆ ಪರದೆ ಇರೋ ಕ್ಯಾಮೆರಾನಾದ್ರೂ ತಗೊಳ್ಳಿ. ಇದನ್ನ ವಾಪಸ್ ತಗೊಂಡು ಬದಲಾಯಿಸಿ ಕೊಡ್ತೀನಿ. ತೆಗೆದಿದ್ದು ಅಲ್ಲೇ ಕಾಣತ್ತೆ, ನೆಮ್ಮದಿ."

"ಪ್ರತಿ ಚಿತ್ರಕ್ಕೂ ತಲೆ ಬಗ್ಗಿಸಿ ಹಿಂದೆ ನೋಡ್ತಾ ಇದ್ರೆ, ಮುಂದೆ ಆಗ್ತಿರೋದನ್ನ ಯಾರು ನೋಡ್ತಾರೆ? ಡ್ರೈವರ್ ಆದವನು ಮುಂದೆ ನೋಡ್ಬೇಕು," ಎಂದ ಮೊರಿಹಿಸಾ. ಈ ಮಾತಿಗೆ ಒಕುವಾಕಿಯೂ ತಲೆದೂಗಿದಳು, ಇವನಿಗೆ ಬೇರೆ ಕ್ಯಾಮೆರಾ ಹಿಡಿಸುವುದಿಲ್ಲ ಎಂದು ಅವಳಿಗೂ ಗೊತ್ತಾಯಿತು.

"ಹಾಗಾದ್ರೆ ನಿಮ್ಮ ರೈಲಿನವ್ರ ಪದ್ಧತೀನೇ ಮಾಡಿ. ಕೂಗಿ, ಬೆರಳು ತೋರ್ಸಿ."

ಮೊರಿಹಿಸಾನ ಮುಖ ಊರಗಲವಾಯಿತು. ಅಲ್ಲೇ, ಅಂಗಡಿಯ ನಡುವೆ ನೆಟ್ಟಗೆ ನಿಂತು, ಕ್ಯಾಮೆರಾದ ಒಂದೊಂದೇ ಭಾಗಕ್ಕೆ ಬೆರಳು ತೋರಿಸಿ, "ಮುಚ್ಚಳ ಇಲ್ಲ, ಸರೀ! ಬ್ಯಾಟರಿ, ಸರೀ! ಕಾರ್ಡು, ಸರೀ! ದೂರ, ಸರೀ!" ಎಂದು ಕೂಗಿದ. ಪಕ್ಕದ ಗೊಂಬೆಯ ಅಂಗಡಿಯವರು ಹೊರಗೆ ಬಂದು ನೋಡಿದರು. ಲೆನ್ಸು ನೋಡುತ್ತಿದ್ದ ಗಿರಾಕಿಯೊಬ್ಬ ಚಪ್ಪಾಳೆ ತಟ್ಟಿದ. ಒಕುವಾಕಿ ಕೆಂಪು ಮಣಿಯಂಥ ಒಂದು ಗುಂಡಿಯನ್ನು ಶಟರಿನ ಮೇಲೆ ತಿರುಗಿಸಿ ಕೂರಿಸಿ, "ಇದು ಉಪಯೋಗಕ್ಕಿಲ್ಲ, ಬರೀ ಶೋಕಿ. ನಮ್ಮ ಕಡೆಯಿಂದ ಮದುವೆ ಉಡುಗೊರೆ," ಎಂದಳು.

ಕೆಳಗಿಳಿದು ಅಪ್ಪ ಮಗಳು ಸೋಬಾ ಅಂಗಡಿಯಲ್ಲಿ ಅಕ್ಕಪಕ್ಕ ಕೂತು ಬಿಸಿ ಶಾವಿಗೆ ಸಾರು ಉಣ್ಣುತ್ತಿದ್ದರು. ಚಿಗುಸಾ ಈರುಳ್ಳಿಯ ಹೂವನ್ನು ಊಟದ ಕಡ್ಡಿಯಿಂದ ಅತ್ತಿತ್ತ ಮಾಡುತ್ತ, ಅವನ ಕಡೆ ನೋಡದೆ, "ಅಪ್ಪಾ, ಒಂದು ಮಾತು," ಎಂದಳು. "ಫೋಟೊ ಬರ್ಲಿ ಬಿಡ್ಲಿ, ನಂಗೆ ಪರವಾಗಿಲ್ಲ. ಆದ್ರೆ ಏನಾದ್ರೂ ಆದ್ರೆ ಆದ ತಕ್ಷಣ ನಂಗೆ ಹೇಳು. ಅಷ್ಟು ಮಾಡು ಸಾಕು."

ಹದಿನೆಂಟು ವರ್ಷದಲ್ಲಿ ಅವಳು ಆ ಮಾತಿನ ಹತ್ತಿರ ಬಂದದ್ದು ಅದೇ ಮೊದಲು. ಹೇಳಬೇಕಾದ್ದು ಮೊರಿಹಿಸಾನ ನಾಲಿಗೆಯ ತುದಿಗೇ ಬಂದಿತ್ತು. ಆದರೆ ಬಾಯಿಂದ ಹೊರಟದ್ದು, "ಏನೂ ಆಗಲ್ಲ ಬಿಡಮ್ಮಾ, ನಾನಿದ್ದೀನಲ್ಲ," ಎಂದು. ಚಿಗುಸಾ ಹೂಂ ಎಂದು ಸಾರು ಕುಡಿದಳು. ಬೆಳಗ್ಗೆಯಿಂದ ನಗಿಸಿದ ಹುಡುಗಿ ಸ್ಟೇಷನ್ನಿನ ತನಕ ಮತ್ತೆ ತಮಾಷೆಯ ಮಾತಾಡಲಿಲ್ಲ.

ಆಮೇಲಿನ ಒಂದು ತಿಂಗಳು ಮೊರಿಹಿಸಾ ಬೀದಿಯ ಬೆಕ್ಕನ್ನೂ ಬಿಡಲಿಲ್ಲ. ತರಕಾರಿಯವಳು, ಅಂಚೆಯವನು, ಒಗೆದು ಹಾಕಿದ ಬಟ್ಟೆ, ಸ್ನಾನ ಮುಗಿಸಿ ಬಂದ ಟೊಕಿಕೊ, ಎಲ್ಲರಿಗೂ ಮೊದಲು ಬೆರಳು, ಆಮೇಲೆ ಕೂಗು, ಆಮೇಲೆ ಚಿತ್ರ. ಮೊದಮೊದಲು ಪ್ರತಿ ಸಲ ತಳದ ತಟ್ಟೆ ಬಿಚ್ಚಿ ಕಾರ್ಡನ್ನು ಕಣ್ಣಾರೆ ನೋಡಿ "ಕಾರ್ಡು, ಸರೀ!" ಎನ್ನುತ್ತಿದ್ದ. ಹತ್ತು ದಿನವಾದ ಮೇಲೆ ಬಿಚ್ಚುವುದು ಬೇಸರವಾಯಿತು. ಮುಚ್ಚಿದ ತಳಕ್ಕೇ ಬೆರಳು ತೋರಿಸಿ ಕೂಗತೊಡಗಿದ. ಮದುವೆಯ ಹಿಂದಿನ ಸಂಜೆ ಒಂದನೆಯ ಕಾರ್ಡನ್ನು ತೆಗೆದು ಟೊಕಿಕೊಳ ಕಂಪ್ಯೂಟರಿಗೆ ಹಾಕಿ, ಅಭ್ಯಾಸದ ಚಿತ್ರಗಳನ್ನೆಲ್ಲ ಅವಳಿಗೆ ತೋರಿಸಿದ. ಒಂದರಲ್ಲಿ ಅವಳು ಮೂಲಂಗಿ ಹೆಚ್ಚುತ್ತ ಯಾವುದಕ್ಕೋ ನಗುತ್ತಿದ್ದಳು.

"ನಾನು ನಗುವಾಗ ಹಿಂಗ್ ಕಾಣ್ತೀನಾ?" ಎಂದು ಟೊಕಿಕೊ ಬಹಳ ಹೊತ್ತು ಅದನ್ನೇ ನೋಡಿದಳು. "ಪರವಾಗಿಲ್ಲ ಕಣ್ರೀ, ನಿಮಗೂ ಕೈ ಬಂತು." ಆ ಮೆಚ್ಚುಗೆಯಲ್ಲಿ ತೇಲುತ್ತ ಅವನು ಕಂಪ್ಯೂಟರ್ ಮುಚ್ಚಿ, ಕ್ಯಾಮೆರಾವನ್ನು ರೇಷ್ಮೆ ಬಟ್ಟೆಯಲ್ಲಿ ಸುತ್ತಿ, ಮಲಗಲು ಹೋದ.

ಮದುವೆ ಊರಿನ ಚಿಕ್ಕ ದೇವಾಲಯದಲ್ಲಿ. ನವೆಂಬರಿನ ಬಿಸಿಲು, ಗಿಂಕೊ ಮರಗಳ ಕೆಳಗೆಲ್ಲ ಹಳದಿ ಎಲೆ. ಬಂದವರು ಇಪ್ಪತ್ತೇ ಜನ, ಅದರಲ್ಲಿ ಇಬ್ಬರು ಮೊರಿಹಿಸಾನ ಜೊತೆ ರೈಲು ಓಡಿಸಿದವರು. ಚಿಗುಸಾ ತಾಯಿಯ ಹಳೆಯ ಕಪ್ಪು ಕಿಮೊನೊ ಉಟ್ಟಿದ್ದಳು. ಕೋಸಾಕು ಬಾಡಿಗೆಯ ಉಡುಪಿನಲ್ಲಿ ಬೆವರುತ್ತಿದ್ದ. ಮೊರಿಹಿಸಾ ನೆಟ್ಟಗೆ ನಿಂತು, "ಮುಚ್ಚಳ ಇಲ್ಲ, ಸರೀ! ಬ್ಯಾಟರಿ, ಸರೀ! ಕಾರ್ಡು, ಸರೀ! ದೂರ, ಸರೀ!" ಎಂದು ಕೂಗಿದ. ನೆಂಟರು ನಕ್ಕರು, ಹಳೆಯ ಡ್ರೈವರುಗಳು ಗಂಭೀರವಾಗಿ ತಲೆಯಾಡಿಸಿದರು.

ಅವತ್ತು ಅವನು ತೆಗೆದದ್ದು ನೋಡಬೇಕಿತ್ತು. ಪೂಜಾರಿ ಶುದ್ಧಿಗೆಂದು ಬಿಳಿ ಕಾಗದದ ಕೋಲು ಬೀಸುವಾಗ ಒಂದು. ಮದುಮಕ್ಕಳು ಮೂರು ಬಟ್ಟಲಿನಿಂದ ಮೂರು ಮೂರು ಗುಟುಕು ಸಾಕೆ ಎಂಬ ಅಕ್ಕಿಯ ಮದ್ಯ ಕುಡಿಯುವಾಗ ಪ್ರತಿ ಗುಟುಕಿಗೂ ಒಂದು. ಕುಡಿದು ಅಭ್ಯಾಸವಿಲ್ಲದ ಕೋಸಾಕು ಐದನೆಯ ಗುಟುಕಿಗೆ ಕಿವಿಯವರೆಗೂ ಕೆಂಪಾದಾಗ ಚಿಗುಸಾ ತುಟಿ ಕಚ್ಚಿ ನಗು ತಡೆದದ್ದು, ಆಗಂತೂ ಎರಡು. ಬಾಯಲ್ಲೇ ಎಣಿಸಿಕೊಂಡು ಐವತ್ತೇಳು ಚಿತ್ರ ತೆಗೆದ. ಇಷ್ಟು ಚೆನ್ನಾಗಿ ಅವನು ಯಾವತ್ತೂ ತೆಗೆದಿರಲಿಲ್ಲ, ಅದು ಅವನಿಗೇ ಗೊತ್ತಾಗುತ್ತಿತ್ತು.

ಶಾಸ್ತ್ರ ಮುಗಿದು ಎಲ್ಲರೂ ಮೆಟ್ಟಿಲ ಮೇಲೆ ಸಾಲಾಗಿ ನಿಲ್ಲತೊಡಗಿದರು. ಎರಡನೆಯ ಕಾರ್ಡು ಹಾಕುವ ಹೊತ್ತು. ಮೊರಿಹಿಸಾ ಕಲ್ಲುದೀಪದ ಮರೆಗೆ ಹೋಗಿ ತಳದ ತಟ್ಟೆ ಬಿಚ್ಚಿದ. ಕಾರ್ಡು ಇರಬೇಕಾದ ಜಾಗ ಖಾಲಿ ಇತ್ತು. ಕನ್ನಡಕ ತೆಗೆದು ಕಿಂಡಿಗೆ ಕಣ್ಣಿಟ್ಟು ನೋಡಿದ. ಅಂಚಿನಲ್ಲಿ ಕೆಂಪು ದೀಪ ಮಿಣುಕುತ್ತಿತ್ತು. ಪಾಪ, ಬೆಳಗ್ಗೆಯಿಂದ ಮಿಣುಕುತ್ತಲೇ ಇತ್ತು.

ಒಂದನೆಯ ಕಾರ್ಡು ಮನೆಯಲ್ಲಿ, ಟೊಕಿಕೊಳ ಕಂಪ್ಯೂಟರಿನಲ್ಲಿ ಕೂತಿದೆ ಎಂದು ಅವನಿಗೆ ತಕ್ಷಣ ಹೊಳೆಯಿತು. ರೈಲಿನವರಲ್ಲಿ ಇದಕ್ಕಿಂತ ನಾಚಿಕೆಯ ತಪ್ಪು ಇನ್ನೊಂದಿಲ್ಲ. ಬೆರಳು ತೋರಿಸಿದ್ದ, ಕೂಗಿದ್ದ, ನೋಡಿರಲಿಲ್ಲ. ಹೊಸಬರಿಗೆ ಪಾಠ ಹೇಳುವಾಗ ಈ ತಪ್ಪಿಗೆ ಎಷ್ಟು ಜನರನ್ನು ಇವನೇ ಬೈದಿರಲಿಲ್ಲ!

ಆಗ ಒಂದು ಯೋಚನೆ ಬಂತು, ಬಂದದ್ದು ನಿಜ, ಮುಚ್ಚಿಟ್ಟು ಪ್ರಯೋಜನವಿಲ್ಲ. ಕಾರ್ಡುಗಳು ಕೆಡುತ್ತವೆ. ಅದು ಎಲ್ಲರಿಗೂ ಗೊತ್ತಿರುವ ವಿಷಯ. ನಾಳೆಯೋ ನಾಡಿದ್ದೋ ಫೋನ್ ಮಾಡಿ, ಕಾರ್ಡು ಕೈಕೊಡ್ತು ಕಣಮ್ಮಾ, ಅಂಗಡಿಯವಳು ಸರಿಯಾದ್ದು ಕೊಡಲಿಲ್ಲ ಎಂದುಬಿಟ್ಟರೆ ಯಾರು ಬಂದು ನೋಡುತ್ತಾರೆ? ಇವತ್ತಿನ ಸಂತೋಷವಾದರೂ ಕೆಡುವುದಿಲ್ಲ. ವಾಕ್ಯ ಬಾಯಲ್ಲಿ ತಯಾರಾಗಿಯೇ ನಿಂತಿತ್ತು, ಹದಿನೆಂಟು ವರ್ಷದ ಹಿಂದೆ ನಿಂತಿದ್ದ ಹಾಗೆ.

"ಅಪ್ಪಾ, ಬಾ ಬೇಗ, ಕೋಸಾಕು ನಿಂತಲ್ಲೇ ತೂಗಾಡ್ತಿದ್ದಾನೆ!" ಎಂದು ಮೆಟ್ಟಿಲಿನಿಂದ ಚಿಗುಸಾ ಕೂಗಿದಳು. ನಗುತ್ತಿದ್ದಳು. ಆ ನಗುಮುಖದ ಮುಂದೆ ಹೋಗಿ ಸುಳ್ಳು ಹೇಳಿ, ಮತ್ತೆ ಹದಿನೆಂಟು ವರ್ಷ ಅದನ್ನು ಹೊತ್ತುಕೊಂಡು ತಿರುಗುವಷ್ಟು ಆಯುಸ್ಸಾಗಲಿ ಶಕ್ತಿಯಾಗಲಿ ತನಗಿಲ್ಲ ಎಂದು ಮೊರಿಹಿಸಾನಿಗೆ ಅನ್ನಿಸಿತು.

ಅವನು ಮೆಟ್ಟಿಲ ಕೆಳಗೆ ಬಂದು ನಿಂತ. ಹಿಮ್ಮಡಿ ಜೋಡಿಸಿದ. ತಲೆಯ ಮೇಲೆ ಇಲ್ಲದ ಟೋಪಿಯನ್ನು ತೆಗೆಯಲು ಕೈ ಮೇಲೆ ಹೋಗಿ ಹಾಗೇ ಇಳಿಯಿತು.

"ವರದಿ ಒಪ್ಪಿಸ್ತಿದ್ದೀನಿ," ಎಂದ. ದನಿ ಅಂಗಳದ ತುಂಬ ಕೇಳಿಸಿತು. "ಹನ್ನೊಂದು ಗಂಟೆಯಿಂದ ಹನ್ನೊಂದು ಇಪ್ಪತ್ತಾರರ ತನಕ ಐವತ್ತೇಳು ಫೋಟೊ ತೆಗೆದೆ. ಒಂದೂ ಬಂದಿಲ್ಲ. ಕ್ಯಾಮೆರಾದಲ್ಲಿ ಕಾರ್ಡೇ ಇರ್ಲಿಲ್ಲ. ಬೆರಳು ತೋರಿಸ್ದೆ, ಕೂಗ್ದೆ, ಆದ್ರೆ ನೋಡ್ಲಿಲ್ಲ. ತಪ್ಪು ಕಾರ್ಡಿಂದಲ್ಲ, ಅಂಗಡಿಯವ್ರದ್ದಲ್ಲ, ನಂದು."

ಟೊಕಿಕೊ ಬಾಯಿಗೆ ಕೈ ಅಡ್ಡ ಹಿಡಿದಳು.

"ಇನ್ನೊಂದು ವರದಿ ಬಾಕಿ ಇದೆ," ಎಂದ ಮೊರಿಹಿಸಾ. "ಹದಿನೆಂಟು ವರ್ಷದ ಹಿಂದೆ ಮುಚ್ಚಳ ತೆಗೀದೆ ಫೋಟೊ ತೆಗೆದೆ. ಗೊತ್ತಾದ ಮೇಲೂ ಹನ್ನೊಂದು ದಿನ ಮಗಳಿಗೆ ಸುಳ್ಳು ಹೇಳ್ದೆ. ಮೆಷಿನ್ ಕೆಟ್ಟಿರ್ಲಿಲ್ಲ, ಯಾರೂ ರಜೆ ಹಾಕಿರ್ಲಿಲ್ಲ. ನಂಗೆ ಹೇಳೋಕೆ ಧೈರ್ಯ ಇರ್ಲಿಲ್ಲ, ಅಷ್ಟೇ. ತಡವಾಯ್ತು. ಕ್ಷಮಿಸು ಚಿಗುಸಾ." ಸೊಂಟದಿಂದ ಬಗ್ಗಿ ನಿಂತವನು ಮೇಲೇಳಲಿಲ್ಲ.

ಅವನಿಗೆ ಕಾಣುತ್ತಿದ್ದದ್ದು ಹಳದಿ ಎಲೆ ಮಾತ್ರ. ಆಮೇಲೆ ಆ ಎಲೆಗಳ ಮೇಲೆ ಕಪ್ಪು ಕಿಮೊನೊದ ಅಂಚು, ಬಿಳಿ ಕಾಲುಚೀಲ ಬಂದು ನಿಂತವು. ಚಿಗುಸಾ ಮೆಟ್ಟಿಲಿಳಿದು ಬಂದಿದ್ದಳು. ಅವಳೂ ಹಿಮ್ಮಡಿ ಜೋಡಿಸಿ ನೆಟ್ಟಗೆ ನಿಂತು, ಚಿಕ್ಕಂದಿನಲ್ಲಿ ಸ್ಟೇಷನ್ನಿನಲ್ಲಿ ಕೇಳಿದ್ದ ದನಿಯಲ್ಲೇ, "ವರದಿ ತಲುಪಿತು," ಎಂದಳು. ಅಷ್ಟು ಹೇಳಿ ಮುಗಿಸುವುದರೊಳಗೆ ಅಳು ಬಂದುಬಿಟ್ಟಿತು. "ಇದೊಂದು ಮಾತು ಕೇಳೋಕೆ ಎಷ್ಟು ವರ್ಷ ಕಾದೆ ಗೊತ್ತಾ ಅಪ್ಪಾ? ಫೋಟೊ ಯಾರಿಗೆ ಬೇಕಿತ್ತು!"

ಹಿಂದಿನಿಂದ ಕೋಸಾಕು, ಕೆಂಪು ಮುಖ ಮಾಡಿಕೊಂಡು, "ನಂಗೆ ಬೇಕಿತ್ತು," ಎಂದ ಮೆಲ್ಲಗೆ. ಇಪ್ಪತ್ತು ಜನವೂ ಒಟ್ಟಿಗೆ ನಕ್ಕುಬಿಟ್ಟರು.

ಚಿಗುಸಾ ಕಿಮೊನೊದ ತೋಳಿನಿಂದ ಕಣ್ಣೊರೆಸಿಕೊಂಡು ಪೂಜಾರಿಯ ಕಡೆ ತಿರುಗಿದಳು. "ಗುರುಗಳೇ, ಇನ್ನೊಂದು ಸಲ ಆಗತ್ತಾ?"

ಪೂಜಾರಿ ಗಡಿಯಾರ ನೋಡಿದ. "ದೇವರೇನೂ ಬೇಜಾರು ಮಾಡ್ಕೊಳ್ಳಲ್ಲಮ್ಮಾ. ಎರಡು ಗಂಟೆಗೆ ಇನ್ನೊಂದು ಮದುವೆ ಇದೆ, ಅಷ್ಟರೊಳಗೆ ಮುಗಿಸ್ಬೇಕು."

"ಮತ್ತೆ ಒಂಬತ್ತು ಗುಟುಕಾ?" ಎಂದು ಕೋಸಾಕು ಕಂಬ ಹಿಡಿದುಕೊಂಡ.

ಎರಡನೆಯ ಕಾರ್ಡು ಒಳಗೆ ಹೋಯಿತು. ತಟ್ಟೆ ಮುಚ್ಚುವ ಮೊದಲು ಚಿಗುಸಾ, ಟೊಕಿಕೊ, ಆ ಇಬ್ಬರು ಹಳೆಯ ಡ್ರೈವರುಗಳು, ಎಲ್ಲರೂ ತಲೆ ಹಾಕಿ ಇಣುಕಿ ನೋಡಿದರು. ಎಲ್ಲರೂ ಒಳಗೆ ಹೋಗಿ ಮತ್ತೆ ಕೂತರು. ಪೂಜಾರಿ ಕೋಲು ಬೀಸಿದ, ಬಟ್ಟಲು ಬಂತು. ಮೊರಿಹಿಸಾ ಕನ್ನಡಕ ಜೇಬಿಗೆ ಹಾಕಿ ಕಿಂಡಿಗೆ ಕಣ್ಣಿಟ್ಟ. ಚಿಗುಸಾ ಬಟ್ಟಲನ್ನು ತುಟಿಯ ಹತ್ತಿರ ತಂದವಳು ಕುಡಿಯದೆ ಅವನ ಕಡೆಗೇ ನೋಡಿದಳು. ಅವನ ಕಣ್ಣು ತುಂಬಿ ಬಂದು ಕಿಂಡಿಯೆಲ್ಲ ನೀರಾಯಿತು. ದೂರ ಹೊಂದಿಸಲು ಏನೂ ಕಾಣುತ್ತಿರಲಿಲ್ಲ, ಬೆರಳು ಗುಂಡಿಯ ಮೇಲೆ ಹಾಗೇ ನಿಂತಿತು.

"ಅಪ್ಪಾ, ಒತ್ತಪ್ಪಾ! ಕೈ ನೋಯತ್ತೆ!" ಎಂದಳು ಮದುಮಗಳು, ದೇವರ ಎದುರಿಗೇ.

ಅವನು ಒತ್ತಿದ.

ಆ ಚಿತ್ರ ಸರಿಯಾಗಿ ಬಂದಿಲ್ಲ. ಬಟ್ಟಲು ಸ್ಪಷ್ಟವಾಗಿದೆ, ಮುಖ ಮಸುಕಾಗಿದೆ, ಪೂಜಾರಿಯ ಅರ್ಧ ತಲೆ ಕತ್ತರಿಸಿಹೋಗಿದೆ. ಅವತ್ತು ತೆಗೆದ ನೂರಾರು ಒಳ್ಳೆಯ ಚಿತ್ರಗಳನ್ನು ಬಿಟ್ಟು ಚಿಗುಸಾ ಅದನ್ನೇ ದೊಡ್ಡದು ಮಾಡಿಸಿ ಬೇಕರಿಯ ಗೋಡೆಗೆ ಹಾಕಿದ್ದಾಳೆ. ಮೊರಿಹಿಸಾ ದಿನಾ ಮಧ್ಯಾಹ್ನ ಅಲ್ಲಿಗೆ ಹೋಗಿ ಹುರುಳಿ ಹೂರಣದ ಬನ್ನು ತಿಂದು ಬರುತ್ತಾನೆ. ಯಾರಾದರೂ ಆ ಚಿತ್ರದ ಮುಂದೆ ನಿಂತರೆ ಸಾಕು, ಕೇಳದಿದ್ದರೂ ಎದ್ದು ಹತ್ತಿರ ಬಂದು, "ಇದು ಎರಡನೇ ಸಲ ತೆಗೆದಿದ್ದು. ಮೊದಲನೇ ಸಲ ನಾನು ಕಾರ್ಡೇ ಹಾಕಿರ್ಲಿಲ್ಲ," ಎಂದು ಶುರುಮಾಡುತ್ತಾನೆ.